ತಿರುವಿಗೆ ಬೇಕಾದ ಜಾಗ

ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಹೆಂಡತಿ ತೊಡೆಯ ಮೂಳೆ ಮುರಿದುಕೊಂಡ ವಾರಕ್ಕೆ ಮೇಸ್ತ್ರಿ ಅಳತೆಪಟ್ಟಿ ಹಿಡಿದು ಮನೆಯೆಲ್ಲ ಸುತ್ತತೊಡಗಿದರು. ಐವತ್ತು ವರ್ಷ ಮರಗೆಲಸ ಮಾಡಿದ ಮನುಷ್ಯ. ಆ ಮನೆಯ ಬಾಗಿಲು, ಕಿಟಕಿ, ಕಪಾಟು ಎಲ್ಲವೂ ಅವರ ಕೈಯಿಂದಲೇ ಆದದ್ದು. ಆಸ್ಪತ್ರೆಯವರು ಹೇಳಿದ್ದಿಷ್ಟು: ಇನ್ನು ಮೂರು ವಾರಕ್ಕೆ ಮನೆಗೆ ಕಳಿಸುತ್ತೇವೆ, ಮೂರು ತಿಂಗಳು ಗಾಲಿಕುರ್ಚಿ, ಆಮೇಲೆ ವಾಕರ್. ವಯಸ್ಸು ಎಪ್ಪತ್ತೊಂದು, ಮೊದಲಿನ ಹಾಗೆ ಓಡಾಡುತ್ತಾರೆಂದು ಯಾರೂ ಮಾತು ಕೊಡಲಿಲ್ಲ.

ಹೆಂಡತಿಯ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ: "ಅಕ್ಕ, ನಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆ. ಇಬ್ಬರೂ ಬಂದುಬಿಡಿ."

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದ ಅಕ್ಕ ಮಲಗಿದ್ದಲ್ಲಿಂದಲೇ ಉತ್ತರ ಕೊಟ್ಟರು: "ಊರವರ ವಿಳಾಸ ಬದಲಾಗಿದ್ದೆಲ್ಲ ನೋಡಿದೀನಿ ಕಣೋ. ನನ್ನದು ಬದಲಾಗಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು.

ಮೇಸ್ತ್ರಿ ಲೆಕ್ಕ ಹಾಕಿದರು. ಗಾಲಿಕುರ್ಚಿಯ ಅಗಲ ಇಪ್ಪತ್ತಾರು ಇಂಚು. ಬಚ್ಚಲುಮನೆಯ ಬಾಗಿಲು ಇಪ್ಪತ್ತೆಂಟು. "ಎರಡಿಂಚು ಉಳಿಯುತ್ತೆ, ಏನೂ ತೊಂದರೆಯಿಲ್ಲ" ಎಂದು ಮಗಳಿಗೆ ಹೇಳಿದರು. ಮಗಳು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲೇ ಬಂದಿದ್ದಳು. ಅವಳು ಹಜಾರದಲ್ಲಿ ನಿಂತು ಬಾಗಿಲನ್ನೊಮ್ಮೆ, ಎದುರಿನ ಗೋಡೆಯನ್ನೊಮ್ಮೆ ನೋಡಿದಳು. ಹಜಾರ ಕಿರಿದು.

"ಅಪ್ಪಾ, ಬಾಗಿಲೊಳಗೆ ನೆಟ್ಟಗೆ ಹೋಗೋದಕ್ಕೆ ಎರಡಿಂಚು ಸಾಕು. ಆದರೆ ಅಮ್ಮ ನೆಟ್ಟಗೆ ಬರೋದಿಲ್ಲವಲ್ಲ. ಇಲ್ಲಿ ತಿರುಗಬೇಕು."

"ತಿರುಗಿದರಾಯ್ತು."

"ಎಲ್ಲಿ ತಿರುಗ್ತಾಳೆ?"

ಮೇಸ್ತ್ರಿಗೆ ರೇಗಿತು. ಅಳತೆಯ ವಿಷಯದಲ್ಲಿ ಅವರಿಗೆ ಎದುರಾಡಿದವರು ಕಡಿಮೆ. "ನಾನು ಹಾಕಿದ ಲೆಕ್ಕ ಇದುವರೆಗೆ ತಪ್ಪಿಲ್ಲ" ಎಂದು ಮುಖ ಗಂಟಿಕ್ಕಿಕೊಂಡು ಹೊರಗೆ ಹೋದರು.

ಮಗಳು ವಾದಕ್ಕೆ ನಿಲ್ಲಲಿಲ್ಲ. ಭಾನುವಾರ ಆಸ್ಪತ್ರೆಯಿಂದ ಒಂದು ಗಾಲಿಕುರ್ಚಿ ಎರವಲು ತಂದು, ತಾನೇ ಕೂತು, ಒಂದು ಕಾಲನ್ನು ಅಮ್ಮನ ಹಾಗೆ ಮುಂದಕ್ಕೆ ಚಾಚಿಕೊಂಡು ಮನೆಯೆಲ್ಲ ಓಡಿಸಿದಳು. ಎಲ್ಲಿ ಗೆಣ್ಣು ತರಚಿತೋ, ಎಲ್ಲಿ ಪಾದ ಗೋಡೆಗೆ ತಗುಲಿತೋ, ಅಲ್ಲೆಲ್ಲ ಸೀಮೆಸುಣ್ಣದ ಗೆರೆ. ಬಚ್ಚಲುಮನೆಯ ಬಾಗಿಲ ಬಳಿ ಹಿಂದೆ, ಮುಂದೆ, ಮತ್ತೆ ಹಿಂದೆ. ಐದು ಸಲ ಪ್ರಯತ್ನಿಸಿದರೂ ಕುರ್ಚಿಯ ಹಿಂದಿನ ಗಾಲಿ ಚೌಕಟ್ಟಿಗೆ ಸಿಕ್ಕಿಕೊಂಡಿತು.

"ದಿನಕ್ಕೆ ನೂರು ತಿರುವು ತಿರುಗಿಸ್ತೀನಿ ಅಪ್ಪಾ" ಎಂದಳು ಕೂತಲ್ಲಿಂದಲೇ. "ಮೂತಿ ದಾಟಿದ ಮಾತ್ರಕ್ಕೆ ಬಸ್ಸು ದಾಟಿದ ಹಾಗಲ್ಲ. ಬಾಲ ಎಲ್ಲಿ ಹೊರಳುತ್ತೆ ಅಂತ ನೋಡಬೇಕು. ಇಲ್ಲಿ ಮೂವತ್ತಾರು ಬೇಕು. ಬಾಗಿಲೂ ಒಳಕ್ಕೆ ತೆರೆಯಬಾರದು. ಅಮ್ಮ ಒಳಗೆ ಬಿದ್ದು ಬಾಗಿಲಿಗೆ ಅಡ್ಡವಾದರೆ ನಾವು ಹೊರಗೇ ನಿಂತು ಕೂಗಬೇಕಾಗುತ್ತೆ."

ಮೇಸ್ತ್ರಿ ಆ ಗೆರೆಗಳನ್ನು ಒಂದೊಂದಾಗಿ ನೋಡಿದರು. ಸುಣ್ಣ ಸುಳ್ಳು ಹೇಳುತ್ತಿರಲಿಲ್ಲ. ಎರವಲು ಕುರ್ಚಿಯಲ್ಲಿ ತಾವೂ ಕೂತು, ಚೌಕಟ್ಟಿಗೆ ಸಿಕ್ಕಿಕೊಂಡು, ಇಳಿದರು.

"ಗೋಡೆ ಒಡೀಬೇಕು" ಎಂದರು ಕೊನೆಗೆ. "ಗಾರೆಯವನಿಗೆ ಹೇಳು. ಚೌಕಟ್ಟು ಮಾತ್ರ ನಾನೇ ಬಿಚ್ತೀನಿ."

ಮಗಳು ಹುಟ್ಟುವ ತಿಂಗಳು ಕೂರಿಸಿದ ಚೌಕಟ್ಟು ಅದು. ಒಂದೇ ಒಂದು ಮೊಳೆಯಿಲ್ಲದೆ ಮರಕ್ಕೆ ಮರ ಕಚ್ಚಿಸಿದ ಕೂಡುಗಳಲ್ಲೇ ನಿಂತದ್ದು. ನಲವತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ. ಅದನ್ನು ಬಿಚ್ಚಲು ಮೇಸ್ತ್ರಿಗೆ ಇಡೀ ಒಂದು ದಿನ ಹಿಡಿಯಿತು. ಮಗಳು ನೆರವಿಗೆ ಬಂದರೆ ಬೇಡವೆಂದರು. ಸಂಜೆ ಅದು ಗೋಡೆಯಿಂದ ಸಡಿಲವಾದಾಗ ಮಾತ್ರ, "ಆ ಕಡೆ ಹಿಡಿ, ಒಬ್ಬನ ಕೈಲಾಗಲ್ಲ" ಎಂದು ಕರೆದರು. ಇಬ್ಬರೂ ಸೇರಿ ಹಿತ್ತಿಲಿಗೆ ಹೊತ್ತು ತಂದರು.

ಮರುದಿನ ಇಬ್ಬರೂ ಹೊಸ ಅಳತೆಗಳ ನಕ್ಷೆ ಬರೆದು ಆಸ್ಪತ್ರೆಗೆ ತೆಗೆದುಕೊಂಡು ಹೋದರೆ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದರು. ಕೇಳಿದ್ದು ಒಂದೇ ಮಾತು: "ಅಪ್ಪ ಮಗಳು ಸೇರ್ಕೊಂಡು ನನ್ನನ್ನ ಎಲ್ಲಿ ಮಲಗಿಸಬೇಕು, ಎಲ್ಲಿ ತೊಳೀಬೇಕು ಅಂತ ಬರೆದಿದೀರಿ. ನಾನು ಒಲೆ ಎಲ್ಲಿ ಹಚ್ಚಲಿ?"

ಮಗಳು ನಕ್ಷೆಯ ಹಾಳೆಯನ್ನು ಮಗುಚಿ ಪೆನ್ನು ತೆಗೆದಳು.

ಹೆಂಡತಿ ಕಣ್ಣು ಮುಚ್ಚಿಕೊಂಡರು. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಆ ಮನೆಯಲ್ಲಿ ತಮ್ಮ ಕೈ ಎಲ್ಲೆಲ್ಲಿ ಹೋಗುತ್ತದೆಂದು ಹೇಳುತ್ತಾ ಹೋದರು, ಮಗಳು ಬರೆದುಕೊಂಡಳು. ದೀಪದ ಸ್ವಿಚ್ಚು ಹಾಸಿಗೆಗೆ ಎಟುಕಬೇಕು. ಅಡುಗೆಕಟ್ಟೆಯ ಒಂದು ಭಾಗ ತಗ್ಗಬೇಕು, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಖಾಲಿ ಇರಬೇಕು. ಬಚ್ಚಲಿನ ಹಿಡಿಕಂಬಿ ಎಡಗಡೆಗಿರಲಿ, ಎಡಗೈಯೇ ಗಟ್ಟಿ. ಮುಂಬಾಗಿಲಿಗೆ ಒಳಗೂ ಹೊರಗೂ ಕೆಳಗೊಂದು ಚಿಲಕ ಬೇಕು.

"ಅದ್ಯಾಕೆ? ನಾನಿರ್ತೀನಲ್ಲ" ಎಂದರು ಮೇಸ್ತ್ರಿ.

"ನೀವಿದ್ದರೇನಂತೆ? ನನ್ನ ಮನೆಗೆ ಬಂದೋರಿಗೆ ನಾನೇ ಬಾಗಿಲು ತೆಗೀಬೇಕು."

ಎರಡು ವಾರ ಮನೆಯೆಲ್ಲ ಧೂಳು. ಗಾರೆಯವನು ಗೋಡೆ ಒಡೆದು ಅಂಚು ಕಟ್ಟಿದ. ಜಗಲಿ ಅಂಗಳಕ್ಕಿಂತ ಅರ್ಧ ಅಡಿ ಎತ್ತರ. ಮೂರಡಿಯ ಇಳಿಜಾರು ಸಾಕೆಂದ ಅವನಿಗೆ ಮೇಸ್ತ್ರಿಯೇ, "ಆರಡಿ ಬೇಕು, ನಮ್ಮ ಡ್ರೈವರ್ ಹೇಳಿದಾಳೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಬಚ್ಚಲುಮನೆಗೆ ಪಕ್ಕಕ್ಕೆ ಸರಿಯುವ ಬಾಗಿಲು ಮಾಡಿದರು. ಕಿರುಬೆರಳಿನಿಂದ ತಳ್ಳಿದರೂ ಸರಿಯಬೇಕೆಂದು ಅದರ ಹಾದಿಯನ್ನು ಮೂರು ಸಲ ಉಜ್ಜಿ ಮೇಣ ಬಳಿದರು.

ಹೆಂಡತಿ ಬಂದ ದಿನ ಅಂಬುಲೆನ್ಸ್ ಗೇಟಿನ ಹೊರಗೆ ನಿಂತಿತು. ಕುರ್ಚಿಯ ಹಿಡಿಗೆ ಕೈ ಹಾಕಿದ ತಮ್ಮನಿಗೆ ಅವರು, "ಬಿಡೋ" ಎಂದರು. ತಾವೇ ಗಾಲಿ ತಿರುಗಿಸಿ ಇಳಿಜಾರು ಹತ್ತಿದರು. ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡರು. ಯಾರೂ ಮುಟ್ಟಲಿಲ್ಲ. ಮುಂಬಾಗಿಲ ಚಿಲಕ ತೆಗೆದು, ಹಜಾರದಲ್ಲಿ ಸಾಗಿ, ಬಚ್ಚಲುಮನೆಯ ಎದುರು ಒಂದೇ ಬೀಸಿಗೆ ತಿರುಗಿ ಒಳಗೆ ಹೋದರು. ಬಾಗಿಲು ಸರಿಯಿತು.

ಮೂವರೂ ಹೊರಗೆ ನಿಂತರು. ಒಳಗೆ ನೀರಿನ ಸದ್ದು. ಸುಮಾರು ಹೊತ್ತಾಯಿತು. ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟರು. ಮಗಳು ಅವರ ತೋಳು ಹಿಡಿದಳು.

ಹೆಂಡತಿ ಹೊರಬಂದಾಗ ಮುಖ ತೊಳೆದಿತ್ತು, ತಲೆ ಬಾಚಿತ್ತು. ಆಸ್ಪತ್ರೆಯಲ್ಲಿ ಒಂದು ತಿಂಗಳು ಬೇರೆಯವರ ಕೈಯಲ್ಲಿ ಮುಖ ಒರೆಸಿಸಿಕೊಂಡವರು ಈಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಚೆನ್ನಾಗಿದೆ" ಎಂದರು. "ಎಲ್ಲೂ ತಗುಲಲಿಲ್ಲ."

ಹೆಂಡತಿಯ ತಮ್ಮ ಆ ಬಾಗಿಲನ್ನು ಆಚೀಚೆ ಸರಿಸಿ ನೋಡುತ್ತಾ, "ಭಾವ, ಕೆಲಸ ಅಂದರೆ ನಿಮ್ಮದೇ" ಎಂದ.

"ಬಾಗಿಲು ನನ್ನದು" ಎಂದರು ಮೇಸ್ತ್ರಿ. "ಲೆಕ್ಕ ಇವಳದ್ದು. ನನ್ನ ಲೆಕ್ಕದಲ್ಲಿ ಬಿಟ್ಟಿದ್ದರೆ ನಿಮ್ಮಕ್ಕ ಇನ್ನೂ ಹಜಾರದಲ್ಲೇ ಇರ್ತಿದ್ದಳು."

ಮಗಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದಳು. ಅಷ್ಟರಲ್ಲಿ ತಗ್ಗಿಸಿದ ಕಟ್ಟೆಯ ಮುಂದೆ ಹೋಗಿ ನಿಂತಿತ್ತು ಗಾಲಿಕುರ್ಚಿ.

"ಇರೇ, ಟೀ ಕುಡಿದು ಹೋಗು" ಎಂದರು ಅಮ್ಮ, ಒಲೆ ಹಚ್ಚುತ್ತಾ.