ಬೀಗರ ಮನೆಯ ಬಿಳಿನೊಣ

ನಮ್ಮ ಮನೆಯ ಮುಂದಿನ ಅನಂತದ ಗಿಡಕ್ಕೆ ಹಾರೂಗೇರಿಯಲ್ಲಿ ನನಗಿಂತ ಹೆಚ್ಚು ಹೆಸರಿದೆ. "ತಾರಾಬಾಯಿ ಮನೆ ಎಲ್ಲಿ" ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. "ಅನಂತದ ಗಿಡದ ಮನೆ" ಎಂದರೆ ಆಟೋದವನು ಸೀದಾ ತಂದು ಗೇಟಿನ ಮುಂದೆ ಇಳಿಸುತ್ತಾನೆ. ಮಳೆಗಾಲದಲ್ಲಿ ಅದು ಬೆಣ್ಣೆ ಬಣ್ಣದ ದಪ್ಪ ಹೂ ಬಿಟ್ಟಿತೆಂದರೆ ಓಣಿ ತುಂಬ ವಾಸನೆ. ಬಸದಿಗೆ ಹೋಗುವ ಹೆಂಗಸರ ಕಾಲು ನಮ್ಮ ಗೇಟಿನ ಹತ್ತಿರ ಬಂದಾಗ ಅದೇಕೋ ನಿಧಾನವಾಗುತ್ತದೆ. ನಾನೂ ಕರೆದು ಒಂದೊಂದು ಹೂ ಕೊಡುತ್ತೇನೆ. ಭಾದ್ರಪದದಲ್ಲಿ ನಾವು ಜೈನರು ಹಿಡಿಯುವ ಅನಂತ ನೋಂಪಿಯ ವ್ರತಕ್ಕೆ ಬಸದಿಗೆ ಹೋಗುವುದೂ ನಮ್ಮ ಗಿಡದ ಹೂವೇ. ಈ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿದೆ, ಇಲ್ಲವೆನ್ನುವುದಿಲ್ಲ.

ಈ ವರ್ಷ ಮಗ ನಿತಿನನ ಮದುವೆಯಾಯಿತು. ಸೊಸೆ ಅಪೂರ್ವ ಅಥಣಿ ತಾಲೂಕಿನ ಅನಂತಪುರದವಳು. ನನಗೆ ಹೆಣ್ಣು ಮಕ್ಕಳಿಲ್ಲ. ಇಷ್ಟು ವರ್ಷ ಗಂಡ ಮತ್ತು ಮಗನ "ಹೂಂ", "ಹಾಂ" ಕೇಳಿ ಕೇಳಿ ಕಿವಿಗೆ ಬೇಸರ ಬಂದಿತ್ತು. ಈ ಹುಡುಗಿ ರೊಟ್ಟಿ ಬಡಿಯುವಾಗಲೂ ನಗುತ್ತಾಳೆ, ರೊಟ್ಟಿ ಹರಿದರೆ ಇನ್ನೂ ಜೋರಾಗಿ ನಗುತ್ತಾಳೆ. ಅವಳು ಬಂದ ಮೇಲೆ ಮನೆಗೆ ಜೀವ ಬಂತು.

ಆಷಾಢಕ್ಕೆ ತವರಿಗೆ ಹೋದವಳು ತಿರುಗಿ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಕುಂಡ ಇಟ್ಟುಕೊಂಡು ಬಂದಳು. ಅವಳ ಅವ್ವ, ಅಂದರೆ ನಮ್ಮ ಬೀಗತಿ ಸುಂದ್ರವ್ವ, ತನ್ನ ಹಿತ್ತಲಿನ ಅನಂತದ ಟೊಂಗೆ ಊರಿ ನನಗಾಗಿ ಬೆಳೆಸಿದ ಸಸಿ. ನನಗೆ ಖುಷಿಯಾಯಿತು. ನಮ್ಮ ಗಿಡದ ಮಗ್ಗುಲಲ್ಲೇ ಅದನ್ನು ಇಟ್ಟೆ.

ಪಂಚಮಿ ಕಳೆಯುವುದರೊಳಗೆ ಶುರುವಾಯಿತು. ಟೊಂಗೆ ಮುಟ್ಟಿದರೆ ಸಾಕು, ಗಿರಣಿಯಲ್ಲಿ ಹಿಟ್ಟು ಹಾರಿದ ಹಾಗೆ ಬಿಳಿನೊಣಗಳು ಏಳುತ್ತಿದ್ದವು. ಎಲೆ ತಿರುವಿದರೆ ಅಡಿಯಲ್ಲಿ ಅವುಗಳ ಮರಿ ಒತ್ತಾಗಿ ಅಂಟಿಕೊಂಡಿದ್ದವು. ಎಲೆಯ ಮೇಲೆ ಜಿಗುಟು, ಜಿಗುಟಿನ ಮೇಲೆ ಕಪ್ಪು ಮಸಿ, ಅದಕ್ಕೆ ಇರುವೆಗಳ ಸಾಲು. ಮೊಗ್ಗು ಹಳದಿಯಾಗಿ ಉದುರತೊಡಗಿದವು.

ನಮ್ಮ ಯಜಮಾನರು ನೇಮಿನಾಥರಿಗೆ ಬಜಾರಿನಲ್ಲಿ ಗೊಬ್ಬರ, ಔಷಧದ ಅಂಗಡಿ. ಊರಿನ ಹುಳುಗಳೆಲ್ಲ ಅವರ ಹೆಸರು ಕೇಳಿ ನಡುಗಬೇಕು. ನಮ್ಮ ಮನೆಯ ಹುಳುಗಳು ಮಾತ್ರ ಅವರ ಕಣ್ಣೆದುರಿಗೇ ಹಾರಾಡಿಕೊಂಡಿದ್ದವು.

"ಒಂದು ಬಾಟ್ಲಿ ತರ್ತೀನಿ. ಎರಡು ಸಲ ಹೊಡದ್ರ ಮುಗೀತು" ಎಂದರು.

"ಚಾತುರ್ಮಾಸ ನಡದೈತಿ. ಗೊತ್ತಿದ್ದು ಒಂದು ಜೀವಾನೂ ಕೊಲ್ಲೂದಿಲ್ಲಂತ ಬಸದ್ಯಾಗ ನೇಮ ಹಿಡದೇನಿ. ನಿಮ್ಮ ಬಾಟ್ಲಿ ಅಂಗಡ್ಯಾಗ ಇರ್ಲಿ."

ಮರುದಿನ ಒಂದು ಹಳದಿ ಅಂಟಿನ ಹಾಳೆ ತಂದರು. "ಇದು ಔಷಧ ಅಲ್ಲ. ನೊಣ ತಾವಾಗೇ ಬಂದು ಅಂಟ್ಕೋತಾವು."

"ಅಂಟ್ಕೊಂಡು ಮುಂದ ಏನ್ ಧ್ಯಾನಾ ಮಾಡ್ತಾವೇನ್ರಿ?"

ಯಜಮಾನರು ಹಾಳೆ ಸುತ್ತಿಕೊಂಡು ಅಂಗಡಿಗೆ ಹೋದರು. ನಾನು ದಿನಾ ಮುಂಜಾನೆ ಪೈಪು ಹಿಡಿದು ಎಲೆಗಳಿಗೆ ನೀರು ಬಿಟ್ಟೆ. ನೊಣಗಳು ಎದ್ದು ಕಂಪೌಂಡಿನ ಮೇಲೆ ಕೂತು, ನಾನು ನಳ ಬಂದ್ ಮಾಡುವ ತನಕ ಕಾದು, ಮತ್ತೆ ಬಂದವು.

ಗಿಡದ ಚಿಂತೆ ಒಂದು ಕಡೆ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಅಪೂರ್ವಳ ನಗು ನಿಂತುಹೋಗಿತ್ತು. ಹುಳು ಯಾವ ಕುಂಡದಿಂದ ಬಂದವೆಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಅವಳು ಗೇಟಿನ ಕಡೆ ನೋಡದೆ ಓಡಾಡುತ್ತಿದ್ದಳು. ಸಮಾಧಾನ ಮಾಡೋಣವೆಂದು ನಾನೇ ಒಂದು ದಿನ, "ಹೋಗ್ಲಿ ಬಿಡು, ನಿಮ್ಮವ್ವಗರೆ ಏನ್ ಗೊತ್ತಿತ್ತು" ಎಂದೆ. ಹುಡುಗಿ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ನನ್ನ ನಾಲಗೆಗೆ ಸಮಾಧಾನ ಮಾಡುವ ರೂಢಿ ಇಲ್ಲ. ಗಿಡ ಹೋದರೆ ಇನ್ನೊಂದು ಹಚ್ಚಬಹುದು. ಈ ಹುಡುಗಿ ಪರರ ಮನೆಯಲ್ಲಿ ಇದ್ದ ಹಾಗೆ ಅಂಜಿಕೊಂಡು ಇರತೊಡಗಿದರೆ ನಾನೇನು ಮಾಡಲಿ? ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ನಮ್ಮಲ್ಲಿ ಕುಡಿಯುವ ನೀರನ್ನು ಈಗಲೂ ಹಿತ್ತಲಿನ ಬಾವಿಯಿಂದ ಸೇದಿ, ದಪ್ಪ ಬಟ್ಟೆಯಲ್ಲಿ ಸೋಸುತ್ತೇವೆ. ಒಂದು ಮುಂಜಾನೆ ಅಪೂರ್ವ ನೀರು ಸೋಸಿ, ಬಟ್ಟೆ ತೊಳೆದ ನೀರನ್ನು ತುಳಸಿಯ ಬುಡಕ್ಕೆ ಸುರಿಯಲು ಹೋದಳು. ಅವಳ ತವರಿನಲ್ಲಿ ನೀರಿನ ಮಷೀನು ಬಂದು ಈ ರೂಢಿ ತಪ್ಪಿದೆ.

"ಹಂಗ ಚೆಲ್ಲಬಾರದವ್ವ" ಎಂದೆ. "ಬಟ್ಯಾಗ ಸಿಕ್ಕ ಜೀವ ಎಲ್ಲಿಂದ ಬಂದಾವೋ ಅಲ್ಲೇ ಹೊಳ್ಳಿ ಬಿಡಬೇಕು. ಬ್ಯಾರೆ ಕಡೆ ಅವು ಬದುಕೂದಿಲ್ಲ."

ಅವಳು ಬಟ್ಟೆ ಹಿಡಿದುಕೊಂಡೇ ಗೇಟಿನ ಕಡೆ ತಿರುಗಿ ನೋಡಿದಳು. ನಾನು ನನ್ನ ಪಾಡಿಗೆ ಬಸದಿಗೆ ಹೋದೆ.

ತಿರುಗಿ ಬಂದರೆ ಗೇಟಿನ ಹತ್ತಿರ ನಮ್ಮ ಗಿಡ ಅರ್ಧ ಬೋಳಾಗಿ ನಿಂತಿತ್ತು. ಹುಳು ಹತ್ತಿದ ಎಲೆಗಳೆಲ್ಲ ಮಾಯ. ಮಗ್ಗುಲಿನ ಕುಂಡವೂ ಮಾಯ. ನನ್ನ ಹೊಸ ಸೋಸುವ ಬಟ್ಟೆಯೂ ಇಲ್ಲ.

"ಅಪೂರ್ವ ಎಲ್ಲಿ?"

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಅನಂತಪುರಕ್ಕ ಹೋಗ್ಯಾಳ. ಸಂಜೀಕ ಬರ್ತೀನಿ ಅಂದಾಳ" ಎಂದರು.

"ಕುಂಡಾ ತಗೊಂಡು ಹೋದ್ಲೇನ್ರಿ?"

"ಹೂಂ."

ಬೀಗರು ಕೊಟ್ಟದ್ದನ್ನು ತಿರುಗಿ ಕಳಿಸಿದರೆ ನಮ್ಮ ಕಡೆ ಅದರ ಅರ್ಥ ಒಂದೇ, ನಿಮ್ಮ ಸಂಬಂಧ ಸಾಕು ಎಂದು. ಸುಂದ್ರವ್ವ ಏನು ತಿಳಿದಾಳು? ಅದಕ್ಕೂ ಮೊದಲು, ಹುಡುಗಿ ಮನಸ್ಸು ಕೆಡಿಸಿಕೊಂಡು ಹೋದಳೋ ಏನೋ. ಫೋನು ಮಾಡಿದರೆ ಹತ್ತಲಿಲ್ಲ. ಬೀಗತಿಗೆ ಫೋನು ಮಾಡಿ ಏನೆಂದು ಹೇಳುವುದು? ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಅಥಣಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರನ ಮೇಲೆ ಸುಮ್ಮನೆ ರೇಗಿದೆ. ಬಸ್ಸು ಮೇವಿನ ಟ್ರ್ಯಾಕ್ಟರಿನ ಹಿಂದೆ ತೆವಳಿದಾಗ ಆ ಟ್ರ್ಯಾಕ್ಟರಿನ ಮೇಲೂ ರೇಗಿದೆ.

ಬೀಗರ ಮನೆಯ ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ ಸುಂದ್ರವ್ವನ ದನಿ ಕೇಳಿ ನಾನು ಹೊಸ್ತಿಲಿನಲ್ಲೇ ನಿಂತೆ.

"ಕೊಟ್ಟದ್ದನ್ನ ಹೊಳ್ಳಿ ತಂದೀಯಲ್ಲ, ನಿಮ್ಮತ್ತಿ ಕಳಿಸಿದ್ರೇನ?"

"ಅವ್ರಿಗೆ ಗೊತ್ತಿಲ್ಲಬೇ. ನಮ್ಮ ಗಿಡಕ್ಕ ನಿಮ್ಮ ಹುಳಾ ಹತ್ತ್ಯಾವು. ನಮ್ಮ ಮನ್ಯಾಗ ಚಾತುರ್ಮಾಸದಾಗ ಹುಳಾ ಕೊಲ್ಲೂದಿಲ್ಲ. ಎಲ್ಲಿಂದ ಬಂದಾವೋ ಅಲ್ಲೇ ಬಿಡೂದು ನಮ್ಮ ಪದ್ಧತಿ. ಬಿಟ್ಟು ಹೊಳ್ಳಿ ಹೋಗಾಕ ಬಂದೇನಿ."

ನಮ್ಮ ಗಿಡ, ನಿಮ್ಮ ಹುಳ. ಹಡೆದವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟೆಯ ಗಂಟು ಬಿಚ್ಚಿ, ಅಲ್ಲಿನ ಅನಂತದ ಟೊಂಗೆಗಳ ನಡುವೆ ಒಂದೊಂದೇ ಎಲೆ ಸಿಗಿಸುತ್ತ ಹುಡುಗಿ ಇದನ್ನು ಹೇಳುತ್ತಿದ್ದಳು. ಬಸ್ಸಿನುದ್ದಕ್ಕೂ ನಾನು ಹೊತ್ತುಕೊಂಡು ಬಂದ ಹೆದರಿಕೆ ಆ ಹೊಸ್ತಿಲಿನಲ್ಲೇ ಇಳಿಯಿತು. ನನಗೆ ಅಳು ಬಂತು. ಸೆರಗಿನಿಂದ ಬೆವರು ಒರೆಸಿಕೊಂಡಂತೆ ಮಾಡಿದೆ.

ಕಿತ್ತ ಎಲೆಯ ಮೇಲಿನ ಮರಿಗಳು ಬದುಕುತ್ತವೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.

ಸುಂದ್ರವ್ವ ನನ್ನನ್ನು ನೋಡಿ ಗಾಬರಿಯಾದಳು. "ಅಯ್ಯ, ಬರ್ರಿ ಬೀಗ್ತಿಯವ್ರ. ಹುಡುಗಿ ಬುದ್ಧಿ ಇಲ್ಲದಂಗ ಮಾಡ್ಯಾಳ, ಸಿಟ್ಟಿಗೇಳಬ್ಯಾಡ್ರಿ."

"ನನ್ನ ಸೊಸಿಗೆ ಬುದ್ಧಿ ಇಲ್ಲಂತ ಅಂದವ್ರು ಯಾರ್ರಿ?" ಎಂದೆ. "ನಾ ನಮ್ಮ ಕುಂಡಾ ಒಯ್ಯಾಕ ಬಂದೇನಿ."

ಮೂವರೂ ಬಾವಿಕಟ್ಟೆಯ ಮೇಲೆ ಕೂತು ಆ ಸಸಿಯ ಎಲೆಗಳನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆವು. ಹುಳು ಹತ್ತಿದ್ದನ್ನು ಚಿವುಟಿ ದೊಡ್ಡ ಗಿಡದ ಬುಡಕ್ಕೆ ಇಟ್ಟೆವು. ಅಪೂರ್ವ ಇದ್ದಕ್ಕಿದ್ದಂತೆ ನಗತೊಡಗಿದಳು. ಏನೆಂದು ಕೇಳಿದರೆ, ಬಸ್ಸಿನಲ್ಲಿ ಮಗ್ಗುಲಿನ ಮುದುಕ ಗಂಟಿನಲ್ಲೇನು ಎಂದು ಕೇಳಿದನಂತೆ, ಇವಳು "ತವರಿನವರು" ಎಂದಳಂತೆ. ಆ ನಗು ಕೇಳಿ ನನಗೆ ಹೊಟ್ಟೆ ತುಂಬಿತು.

ಸುಂದ್ರವ್ವ ಮಾತ್ರ ಹೆಚ್ಚು ನಗಲಿಲ್ಲ. ಹೊತ್ತು ಮುಳುಗುವ ಮೊದಲು ನಮಗೆ ಉಣ್ಣಲು ಬಡಿಸುವಾಗ, "ಒಂದು ರಾತ್ರಿ ವಸ್ತಿ ಇದ್ದು ಹೋಗ" ಎಂದಳು ಮಗಳಿಗೆ.

"ಇಲ್ಲಬೇ, ಮುಂಜಾನೆ ನೀರ ಸೋಸಬೇಕು. ಮಾಮಾರಿಗೆ ಹೊಳ್ಳಿ ಬಾವ್ಯಾಗ ಬಿಡೂದು ನೆನಪಿರೂದಿಲ್ಲ."

ಸುಂದ್ರವ್ವ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಹಿತ್ತಲಲ್ಲಿ ಹುಡುಗಿ ಅಂದ "ನಮ್ಮ ಮನ್ಯಾಗ" ಎಂಬ ಮಾತು ನನಗೆ ಕೇಳಿಸಿದ ಹಾಗೆ ಅವಳಿಗೂ ಕೇಳಿಸಿತ್ತು. ಆ ಒಂದು ಮಾತು ಒಬ್ಬಳ ಉಡಿ ತುಂಬಿ ಇನ್ನೊಬ್ಬಳದನ್ನು ಬರಿದು ಮಾಡಿತ್ತು. ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ.

"ನೋಡ್ರಿ ಬೀಗ್ತಿಯವ್ರ, ಎಲ್ಲಿಂದ ಬಂದಾವೋ ಅಲ್ಲೇ ಬಿಡೂದು ಹುಳಕ್ಕ ಅಷ್ಟ. ಹುಡುಗೀನ್ನ ನಾ ಹೊಳ್ಳಿ ಕೊಡೂದಿಲ್ಲ."

ಆಗ ಅವಳು ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡೇ. ಅಪೂರ್ವ ನಗುವುದು ಯಾರ ಹಾಗೆ ಎಂದು ನನಗೆ ಅವತ್ತು ತಿಳಿಯಿತು.

ಬರುವಾಗ ಕುಂಡ ನನ್ನ ತೊಡೆಯ ಮೇಲಿತ್ತು. ಈಗಲೂ ಅಲ್ಲೊಂದು ಇಲ್ಲೊಂದು ನೊಣ ಏಳುತ್ತದೆ. ದಿನಾ ಮುಂಜಾನೆ ಅತ್ತೆ ಸೊಸೆ ಇಬ್ಬರೂ ಎಲೆ ತಿರುವಿ ನೋಡುತ್ತೇವೆ. ಅನಂತ ನೋಂಪಿಗೆ ನಮ್ಮ ಗಿಡ ಒಂದೇ ಒಂದು ಹೂ ಬಿಟ್ಟಿತು. ಬಸದಿಗೆ ಅದನ್ನು ಒಯ್ಯುವಾಗ ಸುಂದ್ರವ್ವನೂ ನಮ್ಮ ಜೊತೆಗಿದ್ದಳು. ಹಿಂದಿನ ದಿನವೇ ಬಂದು ನಮ್ಮಲ್ಲಿ ವಸ್ತಿ ಇದ್ದಳು.