ಮೂರನೆಯ ಭಾಗ ಎಲ್ಲಿ ಹೋಯಿತು?

1.

ಎಲ್ಲಿಂದ ಶುರು ಮಾಡಲಿ? ಸಂಶೋಧನಾ ವಿದ್ಯಾರ್ಥಿನಿಯ ಕಥೆ ಎಂದಮೇಲೆ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಲೇಬೇಕು. ಕೂರಿಸಿದರೆ ಏಳುವುದಿಲ್ಲ. ಮೊದಲ ಡ್ರಾಫ್ಟಿನಲ್ಲಿ ಎರಡು ಪುಟ ಕೂತೇ ಇದ್ದಳು, ನನಗೇ ಸೊಂಟ ಹಿಡಿಯಿತು. ಎರಡನೆಯದರಲ್ಲಿ ಕಿಟಕಿಯಾಚೆ ಒಂದು ಹಕ್ಕಿ ತಂದೆ. ಹಕ್ಕಿಗೆ ಕೆಲಸವಿರಲಿಲ್ಲ, ಹಾರಿಸಿಬಿಟ್ಟೆ. ಇನ್ನು ಸುತ್ತಿ ಬಳಸುವುದು ಬೇಡ ಓದುಗರೇ, ವಿಷಯಕ್ಕೇ ಬರುತ್ತೇನೆ.

ಇವತ್ತು ಸಂಜೆ ಐದರೊಳಗೆ ಅವಳು ಒಂದು ಕಾನ್ಫರೆನ್ಸಿಗೆ ಪೇಪರ್ ಕಳಿಸಬೇಕು. ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌ಡಿಗೆ ಸೇರಿ ಇದು ಆರನೇ ವರ್ಷ. (ಯಾವಾಗ ಮುಗಿಯುತ್ತೆ ಎಂದು ನೀವು ಕೇಳಬೇಡಿ. ಅದಕ್ಕೆ ಅವಳ ದೊಡ್ಡಮ್ಮ ಇದ್ದಾರೆ.) ಅವಳ ಪ್ರೋಗ್ರಾಂ ಡಾಕ್ಟರುಗಳ ಕೈಬರಹ ಓದುತ್ತದೆ. ಔಷಧಿ ಅಂಗಡಿಯವರನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಸಾಧ್ಯವಾಗದ ಕೆಲಸ. ನೂರು ಚೀಟಿ ಕೊಟ್ಟರೆ ತೊಂಬತ್ತೊಂದನ್ನು ಸರಿಯಾಗಿ ಓದುತ್ತದೆ. ಇದುವರೆಗೆ ಯಾರ ಪ್ರೋಗ್ರಾಮೂ ಎಂಬತ್ತೆಂಟು ದಾಟಿಲ್ಲ. ಪೇಪರ್ ಒಪ್ಪಿಗೆಯಾದರೆ ಥೀಸಿಸ್ ಬರೆಯಲು ಕೂರಬಹುದು, ಇಲ್ಲದಿದ್ದರೆ ಏಳನೇ ವರ್ಷ.

2.

ತೊಂದರೆ ಇರುವುದು ಸೀಡ್‌ನಲ್ಲಿ. ಪ್ರೋಗ್ರಾಂ ಕಲಿಯಲು ಕೂರುವ ಮುಂಚೆ ಅದಕ್ಕೊಂದು ಸಂಖ್ಯೆ ಕೊಡುತ್ತಾರೆ, ಅದೇ ಸೀಡ್. ಇಸ್ಪೀಟು ಕಲಸಿದ ಹಾಗೆ: ಸಂಖ್ಯೆ ಬದಲಾದರೆ ಎಲೆ ಬೀಳುವ ಕ್ರಮ ಬದಲು. ಆಟ ನಿಜವಾಗಿ ಬರುವವರು ಎಲೆ ಹೇಗೆ ಬಿದ್ದರೂ ಹೆಚ್ಚುಕಡಿಮೆ ಒಂದೇ ಥರ ಆಡಬೇಕು. ಅವಳ ಪ್ರೋಗ್ರಾಮಿಗೆ ಹದಿನೇಳು ಕೊಟ್ಟರೆ ತೊಂಬತ್ತೊಂದು ಬರುತ್ತದೆ. ಇವತ್ತು ಬೆಳಿಗ್ಗೆ ಅನುಮಾನ ಬಂದು ಬೇರೆ ನಾಲ್ಕು ಸಂಖ್ಯೆ ಕೊಟ್ಟು ನೋಡಿದಳು. ಎಂಬತ್ತನಾಲ್ಕು, ಎಂಬತ್ತೈದು, ಎಂಬತ್ತಮೂರು, ಎಂಬತ್ತೇಳು. ಐದರ ಸರಾಸರಿ ಎಂಬತ್ತಾರು. ಹಳಬರಿಗಿಂತ ಎರಡು ಕಡಿಮೆ.

ಪೇಪರಿನ ಟೇಬಲ್ಲಿನಲ್ಲಿ ಇರುವುದು ತೊಂಬತ್ತೊಂದು ಮಾತ್ರ.

4.

ಅಮ್ಮನ ಫೋನು. ಲ್ಯಾಬಿನ ಹೊರಗೆ, ನೀರಿನ ಕ್ಯಾನಿನ ಪಕ್ಕ ನಿಂತು ಎತ್ತಿಕೊಂಡಳು.

"ಬಿಪಿ ನೋಡ್ಕೊಂಡ್ಯಾ ಅಮ್ಮ?"

"ನೋಡ್ಕೊಂಡೆ ಪುಟ್ಟಿ. ನೂರ ಮೂವತ್ತೆರಡು. ಡಾಕ್ಟ್ರಿಗೂ ಫೋಟೋ ಕಳಿಸ್ದೆ."

"ಒಂದೇ ಸಲಕ್ಕೆ ಅಷ್ಟು ಕಡಿಮೆ ಬಂತಾ?"

"ಒಂದೇ ಸಲಕ್ಕೆ ಎಲ್ಲಿ ಬರುತ್ತೆ? ಐದು ಸಲ ನೋಡ್ದೆ. ಮೊದ್ಲೆಲ್ಲಾ ಏನೇನೋ ತೋರಿಸ್ತು. ಕೊನೇಗೆ ಒಳ್ಳೇದು ಬಂತು, ಅದನ್ನ ಕಳಿಸ್ದೆ."

"ಅಮ್ಮಾ! ಹಾಗೆ ಮಾಡಿದ್ರೆ ಅವ್ರಿಗೇನು ಗೊತ್ತಾಗುತ್ತೆ? ಐದನ್ನೂ ಬರೀಬೇಕು."

"ಪಾಪ, ಅವ್ರಿಗೆ ಸುಮ್ನೆ ಗಾಬರಿ ಯಾಕೆ ಅಂತ..."

ಅವಳು ಫೋನಿಟ್ಟು ವಾಪಸ್ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

(ಗೊತ್ತು, ಗೊತ್ತು. ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಈ ಫೋನನ್ನು ತೆಗೆದೇಬಿಡೋಣ ಎಂದುಕೊಂಡಿದ್ದೆ. ಆದರೆ ಅವಳ ಅಮ್ಮ ದಿನಾ ಇದೇ ಹೊತ್ತಿಗೆ ಫೋನ್ ಮಾಡುತ್ತಾರೆ, ನಾನೇನು ಮಾಡಲಿ?)

5.

ಗಂಟೆ ಮೂರೂವರೆ. ಅವಳು ದಿಟ್ಟವಾಗಿ ಎದ್ದು ಗೈಡಿನ ರೂಮಿಗೆ ಹೋಗಿ ಐದೂ ಅಂಕಿ ಮುಂದಿಟ್ಟಳು ಎಂದು ಬರೆಯಹೊರಟೆ. ಅವಳು ಏಳಲಿಲ್ಲ. ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು.

"ರೀ ಕಥೆಗಾರ್ರೇ, ಮೂರನೇ ಭಾಗ ಎಲ್ಲಿ?"

"ಚೆನ್ನಾಗಿ ಬರಲಿಲ್ಲ, ತೆಗೆದೆ."

"ಭಾಗ ಚೆನ್ನಾಗಿ ಬರ್ಲಿಲ್ವಾ, ಅದ್ರಲ್ಲಿ ನಾನು ಚೆನ್ನಾಗಿ ಕಾಣ್ತಿರ್ಲಿಲ್ವಾ?"

ನಾಯಕಿ ಎಂದಮೇಲೆ ಓದುಗರಿಗೆ ಇಷ್ಟವಾಗಬೇಕಲ್ಲಮ್ಮ ಎಂದು ಗೊಣಗಿದೆ.

"ಒಂದು ಸೀಡ್ ಓಡಿಸೋಕೆ ಎರಡು ದಿನ ಬೇಕು. ಒಂದು ಬೆಳಿಗ್ಗೇಲಿ ನಾಲ್ಕು ಹೇಗೆ ಓಡಿಸ್ದೆ ನಾನು? ನಮ್ಮ ಫೀಲ್ಡಿನವ್ರು ಓದಿದ್ರೆ ನಗ್ತಾರೆ."

ಸಿಕ್ಕಿಬಿದ್ದೆ. ಅವಳ ಮಾನ ಉಳಿಸಲು ಹೇಳಿದ ಸುಳ್ಳು ಅದು.

"ವಾಪಸ್ ಹಾಕಿ. ಇಲ್ದಿದ್ರೆ ನೀವೂ ನಮ್ಮಮ್ಮನೂ ಒಂದೇ."

ಆ ಪಟ್ಟಿಯಲ್ಲಿ ಮೂರನೆಯವಳೂ ಒಬ್ಬಳಿದ್ದಳು. ಅವಳು ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

3.

(ಇದರ ಜಾಗ ಇದಲ್ಲ. ಅವಳ ಹಟ.)

ಅವಳು ಐದೂ ಸೀಡ್ ಓಡಿಸಿದ್ದು ಮೂರು ವಾರದ ಹಿಂದೆ. ನಾಲ್ಕರ ಫಲಿತಾಂಶವನ್ನು 'ಹಳೇದು' ಎಂಬ ಫೋಲ್ಡರಿಗೆ ತಳ್ಳಿದಳು. ಅಳಿಸಲಿಲ್ಲ, ಅಳಿಸಿದರೆ ತಪ್ಪು ಮಾಡಿದ ಹಾಗಾಗುತ್ತಲ್ಲ. ತೊಂಬತ್ತೊಂದನ್ನು ಮಾತ್ರ ಗೈಡಿನ ಬಳಿ ಒಯ್ದಳು. ಅವರು ಕನ್ನಡಕ ಹಣೆಗೇರಿಸಿ ಅಂಕಿಯನ್ನು ಎರಡು ಸಲ ಓದಿದರು.

"ಬೇರೆ ಸೀಡಲ್ಲೂ ಹೀಗೇ ಬರುತ್ತಾ?"

"ಹೂಂ ಸರ್."

ಆರು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ "ಶಭಾಷ್" ಬಂತು. ಅವಳು ಮೆಟ್ಟಿಲಿಳಿಯುತ್ತಲೇ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಖುಷಿಗೆ ಅತ್ತರು. ಅವಳೂ ಅತ್ತಳು, ಯಾಕೆಂದು ಆಗ ಯೋಚಿಸಲಿಲ್ಲ.

6.

ನಾಲ್ಕೂ ಹತ್ತಕ್ಕೆ ಅಮ್ಮನಿಂದ ಒಂದು ಫೋಟೋ. (ಇದನ್ನು ನಾನು ಬರೆದಿರಲಿಲ್ಲ. ತಾನಾಗಿಯೇ ಬಂತು.) ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಐದು ಅಂಕಿ. ಮೊದಲನೆಯದು ನೂರ ಅರವತ್ತೆಂಟು. ಕೆಳಗೆ, "ಬೈಬೇಡ. ಡಾಕ್ಟ್ರಿಗೂ ಕಳಿಸಿದೀನಿ. ನಾಳೆ ಬರಕ್ಕೆ ಹೇಳಿದಾರೆ."

ನೂರ ಅರವತ್ತೆಂಟು ನೋಡಿ ಅವಳಿಗೆ ಭಯವಾಯಿತು. ಅಮ್ಮನ ಮೇಲೆ ತುಂಬ ಪ್ರೀತಿ ಬಂತು. ನಾಳೆ ಜೊತೆಗೆ ತಾನೂ ಬರುತ್ತೇನೆಂದು ಬರೆದಳು. ಆಮೇಲೆ 'ಹಳೇದು' ತೆರೆದು, ಟೇಬಲ್ಲಿಗೆ ನಾಲ್ಕು ಸಾಲು ಸೇರಿಸಿ, ಪ್ರಿಂಟ್ ತೆಗೆದು, ಗೈಡಿನ ಬಾಗಿಲಿಗೆ ಹೋಗಿ ನಿಂತಳು.

ನನ್ನ ಬಳಿ ಮೂರು ಮುಕ್ತಾಯ ತಯಾರಿವೆ. ಮೊದಲನೆಯದರಲ್ಲಿ ಗೈಡ್ ಬೆನ್ನು ತಟ್ಟುತ್ತಾರೆ. (ಸಿನಿಮಾ ಆಯಿತು.) ಎರಡನೆಯದರಲ್ಲಿ ಪೇಪರನ್ನೂ ಅವಳನ್ನೂ ಆಚೆ ಕಳಿಸುತ್ತಾರೆ. ಮೂರನೆಯದರಲ್ಲಿ ಗಡಿಯಾರ ನೋಡಿ, "ಐದು ಗಂಟೆ ಆದ್ಮೇಲೆ ಹೇಳ್ಬಾರ್ದಿತ್ತಾ?" ಎನ್ನುತ್ತಾರೆ. (ನನಗೆ ಹೆದರಿಕೆ ಇರುವುದು ಇದರದ್ದೇ.)

"ಯಾವುದು ಚೆನ್ನಾಗಿದೆ?" ಎಂದು ಅವಳನ್ನೇ ಕೇಳಿದೆ.

"ಚೆನ್ನಾಗಿರೋದನ್ನ ಆರಿಸೋದು ಬಿಡ್ರಿ ಇನ್ಮೇಲೆ," ಎಂದು ಬಾಗಿಲು ತಟ್ಟಿದಳು.

"ಬಾಮ್ಮ. ಕಳಿಸಿದ್ಯಾ?"

"ಇನ್ನೂ ಇಲ್ಲ ಸರ್. ಅವತ್ತು ನೀವೊಂದು ಪ್ರಶ್ನೆ ಕೇಳಿದ್ರಿ."

ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ನನ್ನನ್ನು ಒಳಗೆ ಕರೆಯಲಿಲ್ಲ.