ಎತ್ತಿನ ಕಿವಿ ಹಿಡಿದ ಮಂತ್ರಿ

ಹಳೆಯ ಚೀನಾದ ತುವ ನಾಡು ಎಷ್ಟು ಚಿಕ್ಕದೆಂದರೆ, ಉತ್ತರದ ಗಡಿಯಲ್ಲಿ ಯಾರಾದರೂ ಸೀನಿದರೆ ದಕ್ಷಿಣದ ಗಡಿಯವರು ಮೂಗು ಒರೆಸಿಕೊಳ್ಳುತ್ತಿದ್ದರು. ಅಂಥ ನಾಡಿಗೂ ಒಬ್ಬ ಮಂತ್ರಿ ಇದ್ದ. ಹೆಸರು ತಾನ್ ಬು, ಮೊಣಕಾಲು ನೋವಿನ ಮುದುಕ. ದೊರೆ ಇನ್ನೂ ತೊಟ್ಟಿಲಲ್ಲಿದ್ದುದರಿಂದ ನಾಡಿನ ಭಾರವೆಲ್ಲ ಇವನ ತಲೆಯ ಮೇಲೆ.

ಆ ವರ್ಷ ನವಣೆ ಹೇಗೆ ಬೆಳೆದಿತ್ತೆಂದರೆ, ಹೊಲದೊಳಗೆ ಹೊಕ್ಕ ಗುಬ್ಬಚ್ಚಿಗಳು ದಾರಿ ತಪ್ಪಿ ಅಲ್ಲೇ ಸಂಸಾರ ಹೂಡಿದ್ದವು. ನೆರೆಯ ಎರಡು ದೊಡ್ಡ ನಾಡುಗಳಿಗೆ ಜಗಳ ಹತ್ತಿ, ಹೊಲದ ಆಚೆ ಗುವಾನ್ ದೊರೆಯ ರಥಗಳು ನಿಂತಿದ್ದವು, ಈಚೆ ದೂನ್ ದೊರೆಯ ರಥಗಳು. ಹೊತ್ತು ಮುಳುಗುವುದರೊಳಗೆ ಇಬ್ಬರೂ ರಾಜಿಯ ಆಣೆ ಇಡಬೇಕು. ಇಡದಿದ್ದರೆ ಯುದ್ಧ, ಅದೂ ನವಣೆಯ ಮೇಲೆಯೇ. ಆಮೇಲೆ ತುವದವರಿಗೆ ಚಳಿಗಾಲದಲ್ಲಿ ಗಂಜಿಯೂ ಇಲ್ಲ.

ಆಣೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಎತ್ತಿನ ಕಿವಿ ಕೊಯ್ದು, ಆ ರಕ್ತವನ್ನು ತುಟಿಗೆ ಸವರಿಕೊಂಡು, ದೇವರ ಮುಂದೆ ಮಾತು ಕೊಡುವುದು. ದೊಡ್ಡವನು ಮೊದಲು ಸವರಿಕೊಳ್ಳುತ್ತಾನೆ, ಕಿರಿಯವನು ಕಿವಿ ಹಿಡಿದುಕೊಂಡು ನಿಲ್ಲುತ್ತಾನೆ. ತೊಡಕು ಹುಟ್ಟಿದ್ದೇ ಅಲ್ಲಿ.

"ಕಿವಿ ನೀವ್ ಹಿಡ್ಕೊಳ್ಳಿ," ಅಂದ ಗುವಾನ್ ದೊರೆ.

"ನಾನ್ಯಾಕ್ ಹಿಡೀಲಿ? ನಮ್ಮಜ್ಜನ ಕುದುರೆ ಲಾಯದಷ್ಟಿಲ್ಲ ನಿಮ್ಮೂರು," ಅಂದ ದೂನ್ ದೊರೆ.

"ಆ ಲಾಯದ್ ವಾಸನೆ ಇನ್ನೂ ಹೋಗಿಲ್ಲ ಬಿಡಿ. ಇಲ್ಲೀವರ್ಗೂ ಬರ್ತಿದೆ."

ಬೆಳಗ್ಗೆ ಶುರುವಾದ ಈ ಮಾತು ನಡುಮಧ್ಯಾಹ್ನವಾದರೂ ಮುಗಿಯಲಿಲ್ಲ. ತಾನ್ ಬು ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ನವಣೆಯನ್ನು ನೋಡಿದ. ಆಮೇಲೆ ಕುಂಟುತ್ತಾ ಮುಂದೆ ಬಂದು ಎತ್ತಿನ ಎಡಗಿವಿ ಹಿಡಿದುಕೊಂಡ.

"ನಾನ್ ಹಿಡೀತೀನಿ ಬುದ್ಧಿ. ನಮ್ಗಿಂತ ಚಿಕ್ಕೋರು ಭೂಮಿ ಮೇಲೇ ಇಲ್ಲ. ಎತ್ತೂ ನಮ್ಮನೇದೇ, ಮಾತ್ ಕೇಳುತ್ತೆ."

ದೊರೆಗಳು ತಲೆದೂಗಿದರು. ಆದರೆ ಮೊದಲು ಯಾರು ಸವರಿಕೊಳ್ಳಬೇಕು ಅನ್ನುವ ಹೊಸ ಜಗಳ ಎದ್ದಿತು. ಒಬ್ಬ ಚಾಕು ಕಿತ್ತುಕೊಂಡ, ಇನ್ನೊಬ್ಬ ಬಟ್ಟಲು ಕಿತ್ತುಕೊಂಡ. ಅಷ್ಟರಲ್ಲಿ ಯಾವನೋ ಸಿಪಾಯಿ, ಆಣೆ ಆಗೇಹೋಯಿತೆಂದುಕೊಂಡು ಡೋಲು ಬಾರಿಸಿಬಿಟ್ಟ.

ಎತ್ತು ಬೆದರಿ ಓಟ ಕಿತ್ತಿತು.

ಕಿವಿ ಬಿಟ್ಟರೆ ಆಣೆ ಹೋಯಿತು, ಆಣೆ ಹೋದರೆ ನವಣೆ ಹೋಯಿತು. ತಾನ್ ಬು ಬಿಡಲಿಲ್ಲ. ಮೆಟ್ಟಿಲು ಹತ್ತಲೂ ಅಳುತ್ತಿದ್ದ ಆ ಮೊಣಕಾಲುಗಳು ಬೇಲಿ ಹಾರಿದವು, ಹಳ್ಳ ಹಾರಿದವು. ಅವನ ಟೋಪಿ ಕಾಗೆಯ ಗೂಡಿನ ಮೇಲೆ ಕೂತು ಮರಿಗಳಿಗೆ ಸೂರಾಯಿತು. ಚಪ್ಪಲಿಗಳು ಕಾಲು ಬಿಟ್ಟರೂ ಸ್ವಲ್ಪ ದೂರ ತಾವಾಗಿಯೇ ಓಡಿದವಂತೆ. ಎತ್ತು ನವಣೆಯ ಕಡೆ ತಿರುಗಿದಾಗಲೆಲ್ಲ ಅವನು ಕಿವಿ ಜಗ್ಗಿ ಬದುವಿಗೆ ಎಳೆಯುತ್ತಿದ್ದ. ಒಂದು ತೆನೆಯೂ ಮುರಿಯಲಿಲ್ಲ.

ಹಿಂದೆ ಇಬ್ಬರು ದೊರೆಗಳು, ಚಾಕುವಿನವನೊಬ್ಬ, ಬಟ್ಟಲಿನವನೊಬ್ಬ. ಇವನು ಮೊದಲು ಮುಟ್ಟಿಬಿಟ್ಟಾನು ಎಂದು ಅವನು, ಅವನು ಮುಟ್ಟಿಬಿಟ್ಟಾನು ಎಂದು ಇವನು. ಕೆರೆಯ ಅಂಚಿನ ಕೆಸರಲ್ಲಿ ಇಬ್ಬರೂ ಹೇಗೆ ಬಿದ್ದರೆಂದರೆ, ಎದ್ದಾಗ ಯಾರು ಯಾವ ನಾಡಿನ ದೊರೆ ಎಂದು ಅವರ ಸೈನಿಕರಿಗೇ ತಿಳಿಯಲಿಲ್ಲ.

ಎತ್ತು ಹೋಗಿ ನಿಂತದ್ದು ತನ್ನ ನೀರಿನ ತೊಟ್ಟಿಯ ಮುಂದೆ, ತಾನ್ ಬುವಿನ ಹಿತ್ತಲಲ್ಲಿ. ಅವನ ಹೆಂಡತಿ ರೂಯಿ ಗಂಜಿ ಬಸಿಯುತ್ತಿದ್ದಳು.

"ಬಂದ್ರಾ? ಇವ್ರ್ಯಾರು, ಕೆರೆ ಹೂಳೆತ್ತೋರಾ?"

"ಮೆಲ್ಲಗ್ ಮಾತಾಡೇ. ದೊರೆಗಳು."

"ಯಾರಾದ್ರೇನು. ಕಾಲ್ ತೊಳ್ಕೊಂಡು ಬರ್ಲಿ."

ಏದುಸಿರಿನಲ್ಲೇ ಒಬ್ಬ "ನಾನ್ ಮೊದ್ಲು" ಅಂದ. ಇನ್ನೊಬ್ಬ "ಹೆಂಗಾಗುತ್ತೆ, ನಾನು" ಅಂದ. ಸೂರ್ಯ ಆಗಲೇ ಹುಲ್ಲಿನ ಬಣವೆಯ ಮೇಲೆ ಕೂತಿದ್ದ.

ತಾನ್ ಬು ಕಿವಿ ಬಿಡದೆ ಹೇಳಿದ, "ಬುದ್ಧಿ, ಕಿವಿ ನನ್ ಕೈಲಿದೆ. ಇದನ್ನ ಬಿಟ್ರೆ ಎತ್ತು ಎಲ್ಲಿಗ್ ಹೋಗುತ್ತೋ ನಾ ಕಾಣೆ. ಮತ್ತೆ ಓಡೋಕ್ ಕಾಲಲ್ಲಿ ಶಕ್ತಿ ಇದ್ರೆ ಜಗಳಾಡಿ. ಇಲ್ದಿದ್ರೆ ಇಬ್ರೂ ಒಟ್ಗೇ ಬೆರಳ್ ಅದ್ದಿ."

ದೊರೆಗಳು ತಮ್ಮ ಕಾಲು ನೋಡಿಕೊಂಡರು. ಎತ್ತಿನ ಕಾಲನ್ನೂ ನೋಡಿದರು.

ಕಿವಿಯ ತುದಿ ಚೂರೇ ಕೊಯ್ದರು, ಅಷ್ಟೇ ಸಾಕಾಯಿತು. ಇಬ್ಬರೂ ಒಟ್ಟಿಗೆ ಬೆರಳು ಅದ್ದಿದರು, ಒಟ್ಟಿಗೆ ತುಟಿಗೆ ಸವರಿಕೊಂಡರು. ತುವದ ಹೊಲದ ಮೇಲೆ ನಮ್ಮ ಚಕ್ರ ಹಾಯುವುದಿಲ್ಲ ಎಂದು ಆಣೆಯಿಟ್ಟರು. ರೂಯಿ ಕೊಟ್ಟ ಗಂಜಿ ಕುಡಿದರು. ರಥಗಳು ಬಂದ ದಾರಿಯಲ್ಲೇ ತಿರುಗಿದವು.

ಸುದ್ದಿ ಮಾತ್ರ ರಥಕ್ಕಿಂತ ಬೇಗ ಓಡಿತು. ಕಿವಿ ಹಿಡಿದ ಚಿಕ್ಕವನೇ ದೊರೆಗಳನ್ನು ಓಡಿಸಿದನೆಂದು, ಅಲ್ಲಿಂದಾಚೆ ಚೀನಾದಲ್ಲಿ ಮುಂದಾಳನ್ನು ಎತ್ತಿನ ಕಿವಿ ಹಿಡಿದವನು ಅನ್ನತೊಡಗಿದರು. ಮಾತು ದೋಣಿ ಹತ್ತಿ ಕೊರಿಯಾಕ್ಕೆ ಹೋಯಿತು, ಜಪಾನಿಗೂ ಹೋಯಿತು. ಇವತ್ತಿಗೂ ಅಲ್ಲಿ ಹಾಗೇ ಅನ್ನುತ್ತಾರೆ, ರೂಯಿಯ ಎತ್ತನ್ನು ಕಂಡವರಂತೆ.

ಮರುವರ್ಷದ ಆಣೆಯ ಸಭೆಗೆ ಇಬ್ಬರು ದೊರೆಗಳೂ ಕೋಳಿ ಕೂಗುವ ಮೊದಲೇ ಬಂದಿದ್ದರು. ತಾನ್ ಬು ಕುಂಟುತ್ತಾ ಬಂದು ನೋಡಿದರೆ, ಎತ್ತಿನ ಎಡಗಿವಿ ಗುವಾನ್ ದೊರೆಯ ಕೈಯಲ್ಲಿ, ಬಲಗಿವಿ ದೂನ್ ದೊರೆಯ ಕೈಯಲ್ಲಿ.

ಮುದುಕ ಚಾಪೆಯ ಮೇಲೆ ಕೂತು ಮೊಣಕಾಲು ನೀವಿಕೊಂಡ.

"ದೇವ್ರು ಎರಡು ಕಿವಿ ಕೊಟ್ಟಿದ್ದು ಒಳ್ಳೇದಾಯ್ತು," ಅಂದ.